ಜಂಬರದ ಮನೆಗೆ ಕೆಗ್ ಸೋಡ: ಜೋಡಿಸಿಕೊಳ್ಳುವ ಕ್ರಮ

ಏಪ್ರಿಲ್, ಮೇ ತಿಂಗಳ ಜಂಬರದಲ್ಲಿ (ಮದುವೆ, ಉಪನಯನದಂತಹ ಸಮಾರಂಭ) ಚಪ್ಪರದಡಿಗೆ ಬಂದವರ ಕಣ್ಣು ಮೊದಲು ಹುಡುಕುವುದು ತಣ್ಣಗಿನ ಪಾನೀಯವನ್ನು. ಬೆಲ್ಲ–ನೀರು, ಮಜ್ಜಿಗೆ ನೀರು, ಪುನರ್ಪುಳಿ ಶರಬತ್ತು ಮನೆಯಲ್ಲೇ ಆಗುತ್ತದೆ. ಸೋಡ ಬೇಕೆಂದರೆ ಮಾತ್ರ ಪೇಟೆಯಿಂದ ಕ್ರೇಟು ತರಿಸಬೇಕು. ತರಿಸಿದರೆ ಅರ್ಧ ಕುಡಿದು ಬಿಟ್ಟ ಬಾಟಲಿಗಳು, ಗ್ಯಾಸ್ ಹೋದ ಬಾಟಲಿಗಳು, ಮರುದಿನ ಹಿತ್ತಿಲಲ್ಲಿ ಖಾಲಿ ಬಾಟಲಿಗಳ ರಾಶಿ. ವಿದೇಶಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರು ಅದನ್ನು ಬಡಿಸಲು ಬಳಸುವ ಕೆಗ್ (ಒತ್ತಡ ತಾಳುವ ಸ್ಟೀಲ್ ಪಾತ್ರೆ) ವ್ಯವಸ್ಥೆಯನ್ನು ಸೋಡಕ್ಕೆ ಹೊಂದಿಸಿಕೊಂಡರೆ ಈ ತಾಪತ್ರಯ ಇರುವುದಿಲ್ಲ. ಬಡಿಸುವಾಗ ವಿದ್ಯುತ್ತೂ ಬೇಡ. ಮೇ ತಿಂಗಳ ಗುಡುಗು–ಮಳೆಗೆ ಕರೆಂಟು ಹೋಗುವ ನಮ್ಮ ಕಾಸರಗೋಡಿನ ಕಡೆಯ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಹಾಗಾದರೆ ಬಿಯರನ್ನೇ ಏಕೆ ಮಾಡಬಾರದು ಎಂದು ಕೇಳುವವರು ಇದ್ದೇ ಇರುತ್ತಾರೆ. ಕಾಸರಗೋಡು ಕೇರಳದಲ್ಲಿದೆ, ಇಲ್ಲಿ ನಡೆಯುವುದು ಕೇರಳದ ಅಬ್ಕಾರಿ ಕಾಯ್ದೆ. ಅದರ ಹೆಸರಿನಲ್ಲಿರುವ 1077 ಮಲಯಾಳ ವರ್ಷ, ಕ್ರಿಸ್ತಶಕದ ಲೆಕ್ಕದಲ್ಲಿ 1902. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಆ ಕಾಯ್ದೆಯ ಪ್ರಕಾರ ಅಪರಾಧ. ಸ್ವಂತಕ್ಕೆ, ಸ್ವಲ್ಪವೇ ಎಂಬ ಸಮಜಾಯಿಷಿ ನಡೆಯುವುದಿಲ್ಲ. ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ 1965ರ ಅಬಕಾರಿ ಕಾಯ್ದೆ ಹೇಳುವುದೂ ಇದನ್ನೇ. ಅಲ್ಲದೆ ಈ ಕೆಗ್ ಹುಟ್ಟಿದ್ದು ಬಿಯರಿಗಾಗಿ ಅಲ್ಲ. ಅಮೆರಿಕದ ತಂಪು ಪಾನೀಯ ಕಂಪೆನಿಗಳು ಹೋಟೆಲುಗಳಿಗೆ ಸಿರಪ್ಪು ಕಳುಹಿಸಲು ಮಾಡಿಸಿಕೊಂಡ ಸ್ಟೀಲ್ ಪಾತ್ರೆ ಇದು. ಮುಂದೆ ಸಿರಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸುವ ಕ್ರಮ ಬಂದಾಗ ಹಳೆಯ ಕೆಗ್‌ಗಳು ಅಗ್ಗಕ್ಕೆ ಮಾರಾಟವಾದವು, ಮನೆಯಲ್ಲಿ ಬಿಯರ್ ಮಾಡುವವರು ಅವನ್ನು ಕೊಂಡುಕೊಂಡರು. ಸೋಡ ತುಂಬಿಸಿದರೆ ಪಾತ್ರೆ ತನ್ನ ಹಳೆಯ ಕಸುಬಿಗೇ ಮರಳಿದಂತೆ.

ಏನೇನು ಬೇಕು

ಮೊದಲಿಗೆ ಕೆಗ್. ಕಾರ್ನೇಲಿಯಸ್ ಮಾದರಿ ಎಂದು ಕೇಳಿ, ‘ಕಾರ್ನಿ’ ಎಂದರೂ ತಿಳಿಯುತ್ತದೆ. ಹೆಚ್ಚಾಗಿ ಸಿಗುವುದು 5 ಅಮೆರಿಕನ್ ಗ್ಯಾಲನ್ನಿನದು, ಅಂದರೆ ಸುಮಾರು 19 ಲೀಟರ್. ಎತ್ತರ ಎರಡಡಿಗಿಂತ ತುಸು ಹೆಚ್ಚು, ಅಗಲ ಒಂದು ಗೇಣು. ಇದರಲ್ಲಿ ಎರಡು ಜಾತಿ: ಪೆಪ್ಸಿಯವರು ಬಳಸುತ್ತಿದ್ದ ಬಾಲ್ ಲಾಕ್, ಕೋಕಾ ಕೋಲಾದವರ ಪಿನ್ ಲಾಕ್. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಹೊಸದಾಗಿ ಕೊಳ್ಳುವವರು ಬಾಲ್ ಲಾಕ್ ಆರಿಸಿಕೊಳ್ಳುವುದು ಒಳ್ಳೆಯದು, ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ. ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಹೆಚ್ಚಾದ ಮೇಲೆ ಇಂತಹ ಸಾಮಾನು ಆನ್‌ಲೈನಿನಲ್ಲಿ ತರಿಸಿಕೊಳ್ಳುವುದು ಕಷ್ಟವಿಲ್ಲ.

ಕೆಗ್‌ನ ತಲೆಯ ಮೇಲೆ ಎರಡು ಪೋಸ್ಟ್‌ಗಳಿರುತ್ತವೆ. ‘ಇನ್’ ಎಂದಿರುವುದು ಗ್ಯಾಸ್ ಒಳಹೋಗಲು, ಅದರ ಕೆಳಗಿನ ಕೊಳವೆ ಗಿಡ್ಡ. ‘ಔಟ್’ ಎಂದಿರುವುದು ಪಾನೀಯ ಹೊರಬರಲು, ಅದರ ಕೊಳವೆ ತಳಮುಟ್ಟುತ್ತದೆ. ಗ್ಯಾಸ್ ಪೋಸ್ಟಿನ ಬುಡದಲ್ಲಿ ಸಣ್ಣ ಕಚ್ಚುಗಳಿರುವುದರಿಂದ ಅಕ್ಷರ ಸವೆದರೂ ಗುರುತು ಸಿಗುತ್ತದೆ. ಇವಕ್ಕೆ ಸಿಕ್ಕಿಸುವ ಡಿಸ್‌ಕನೆಕ್ಟ್‌ಗಳಲ್ಲಿ ಸಾಮಾನ್ಯವಾಗಿ ಬೂದು ಅಥವಾ ಬಿಳಿ ಬಣ್ಣದ್ದು ಗ್ಯಾಸಿಗೆ, ಕಪ್ಪು ಪಾನೀಯಕ್ಕೆ. ಅದಲು ಬದಲಾಗಿ ಒತ್ತಿ ಕೂರಿಸಿದರೆ ಬಿಡಿಸುವಾಗ ಬೆವರಿಳಿಯುತ್ತದೆ.

ಎರಡನೆಯದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಮತ್ತು ರೆಗ್ಯುಲೇಟರ್. ಜೋಪಾನವಾಗಿರಬೇಕಾದ ಜಾಗ ಇದು. ಆಹಾರ ದರ್ಜೆಯ ಗ್ಯಾಸ್ ಎಂದೇ ಕೇಳಿ ತುಂಬಿಸಬೇಕು. ಪಾನೀಯಗಳ ಲೇಬಲ್ಲಿನಲ್ಲಿ ಇದೇ ಗ್ಯಾಸಿನ ಹೆಸರು ಐಎನ್‌ಎಸ್ 290 ಎಂದಿರುತ್ತದೆ. ವೆಲ್ಡಿಂಗಿನವರ ಸಿಲಿಂಡರಿನಲ್ಲಿಯೂ ಗ್ಯಾಸ್ ಅದೇ ಅಲ್ಲವೇ ಎಂದರೆ ಹೆಸರು ಅದೇ, ಶುದ್ಧತೆಯ ಭರವಸೆ ಅದೇ ಅಲ್ಲ. ಬೆಂಕಿ ಆರಿಸುವ ಸಿಲಿಂಡರಂತೂ ಬೇಡವೇ ಬೇಡ. ಅದರೊಳಗೆ ತಳದವರೆಗೆ ಕೊಳವೆ ಇರುವುದರಿಂದ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ.

ರೆಗ್ಯುಲೇಟರ್ ಇಂಗಾಲದ ಡೈಆಕ್ಸೈಡ್‌ಗಾಗಿಯೇ ಮಾಡಿದ, ಎರಡು ಗಡಿಯಾರಗಳಿರುವ (ಒತ್ತಡ ತೋರಿಸುವ ಮುಳ್ಳಿನ ಮಾಪಕಗಳು), ಒತ್ತಡ ಹೊಂದಿಸುವ ಮಾದರಿಯಾಗಿರಲಿ. ಸಿಲಿಂಡರಿನೊಳಗಿನ ಒತ್ತಡ 20 ಡಿಗ್ರಿಯಲ್ಲೇ 800 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಮೀರಿರುತ್ತದೆ, 30 ಡಿಗ್ರಿಯಲ್ಲಿ 1000 ದಾಟುತ್ತದೆ. ಅಡುಗೆ ಗ್ಯಾಸಿನ ರೆಗ್ಯುಲೇಟರಿಗೆ ಏನೋ ಅಡಾಪ್ಟರ್ ಹಾಕಿ ಸರಿಮಾಡುತ್ತೇನೆ ಎನ್ನುವ ಕೈಚಳಕದವರನ್ನು ದೂರವಿಡಿ. ವೆಲ್ಡಿಂಗಿನ ರೆಗ್ಯುಲೇಟರ್ ನಿಮಿಷಕ್ಕೆ ಎಷ್ಟು ಲೀಟರ್ ಗ್ಯಾಸ್ ಹರಿಯುತ್ತದೆ ಎಂದು ತೋರಿಸುತ್ತದೆ, ನಮಗೆ ಬೇಕಾದ ಒತ್ತಡವನ್ನಲ್ಲ. ವಾಲ್ವಿನ ಎಳೆಗಳಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿರುವುದರಿಂದ, ವಿದೇಶಿ ರೆಗ್ಯುಲೇಟರ್ ತರಿಸುವವರು ನಮ್ಮ ಸಿಲಿಂಡರಿಗೆ ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಉಳಿದದ್ದು ಪೈಪು ಮತ್ತು ನಲ್ಲಿ. ನಲ್ಲಿಗೆ ಪ್ಲಾಸ್ಟಿಕ್ಕಿನ ಪಿಕ್ನಿಕ್ ಟ್ಯಾಪ್ ಧಾರಾಳ ಸಾಕು. ಪೈಪಿನ ವಿಷಯದಲ್ಲಿ ಅಡಿಕೆ ಕೃಷಿಕರಿಗೆ ಒಂದು ಮಾತು ಹೇಳಲೇಬೇಕು. ಪ್ರತಿಯೊಬ್ಬರ ಅಟ್ಟದಲ್ಲಿಯೂ ಮದ್ದು ಬಿಡುವ ಹೆಚ್ಚು ಒತ್ತಡದ ಪೈಪು ಸುರುಳಿ ಸುತ್ತಿಕೊಂಡಿರುತ್ತದೆ. ಒತ್ತಡ ತಾಳುವ ಮಟ್ಟಿಗೆ ಅದು ಸಮರ್ಥವೇ, ಆದರೆ ಅದರೊಳಗೆ ಹರಿದದ್ದು ಬೋರ್ಡೋ ದ್ರಾವಣ. ಎಷ್ಟು ತೊಳೆದರೂ ಅದರಲ್ಲಿರುವ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಅಂಶ ಉಳಿಯುತ್ತದೆ, ಸೋಡ ಆಮ್ಲೀಯವಾದ್ದರಿಂದ ಅದನ್ನು ಕರಗಿಸಿಕೊಂಡು ಬರುತ್ತದೆ. ಇದೇ ಕಾರಣಕ್ಕೆ ಪಾನೀಯ ಹರಿಯುವ ದಾರಿಯಲ್ಲಿ ಎಲ್ಲಿಯೂ ತಾಮ್ರ, ಹಿತ್ತಾಳೆ ಇರಬಾರದು. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಆಹಾರ ದರ್ಜೆಯ ಪ್ಲಾಸ್ಟಿಕ್ ಮಾತ್ರ ಸರಿ. ಗ್ಯಾಸಿನ ಕಡೆಗೆ 8 ಮಿಲಿಮೀಟರ್ ಒಳವ್ಯಾಸದ, ಒತ್ತಡ ತಾಳುವ ಪೈಪು ಒಂದೂವರೆ ಮೀಟರ್. ಪಾನೀಯದ ಕಡೆಗೆ 5 ಮಿಲಿಮೀಟರ್ ಒಳವ್ಯಾಸದ್ದು 6ರಿಂದ 8 ಮೀಟರ್. ಇಷ್ಟುದ್ದ ಏಕೆಂಬುದು ಮುಂದೆ ಬರುತ್ತದೆ.

ತೊಳೆಯುವುದು, ಸೋರಿಕೆ ನೋಡುವುದು

ಹಳೆಯ ಕೆಗ್ ಆದರೆ ಮೊದಲು ಮುಚ್ಚಳದ ಮೇಲಿನ ರಿಲೀಫ್ ವಾಲ್ವನ್ನು ಎಳೆದು ಒಳಗಿನ ಒತ್ತಡ ಪೂರ್ತಿ ಬಿಡಿ. ಆಮೇಲೆಯೇ ಸ್ಪ್ಯಾನರ್ ಮುಟ್ಟಬೇಕು. ಪೋಸ್ಟ್ ಬಿಚ್ಚಿದರೆ ಸಣ್ಣ ಸ್ಪ್ರಿಂಗಿನ ಪಾಪೆಟ್ (ದಾರಿ ಮುಚ್ಚುವ ಬಿರಡೆ), ಕೊಳವೆ, ರಬ್ಬರ್ ಉಂಗುರಗಳು ಬರುತ್ತವೆ. ಒಂದು ಕೆಗ್‌ಗೆ ಉಂಗುರ ಐದು: ಮುಚ್ಚಳಕ್ಕೆ ದೊಡ್ಡದು ಒಂದು, ಪೋಸ್ಟ್‌ಗಳ ಹೊರಗೆ ಎರಡು, ಕೊಳವೆಗಳ ಕೊರಳಿಗೆ ಎರಡು. ಐದನ್ನೂ ಬದಲಾಯಿಸಿಬಿಡಿ. ಹಳೆಯ ರಬ್ಬರು ಹಿಂದಿನ ಪಾನೀಯದ ವಾಸನೆಯನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿ ನೀರಿಗೆ ಸೋಡಿಯಂ ಪರ್ಕಾರ್ಬೋನೇಟ್ ಅಥವಾ ವಾಷಿಂಗ್ ಸೋಡ ಹಾಕಿ ಕೆಗ್ ತುಂಬ ನೆನೆಸಿ, ಉದ್ದ ಕೊಳವೆಯ ಒಳಗೆ ಬ್ರಷ್ ಆಡಿಸಿ, ಚೆನ್ನಾಗಿ ತೊಳೆಯಿರಿ. ಬ್ಲೀಚಿಂಗ್ ಪೌಡರ್ ಬೇಡ, ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಣ್ಣಿಗೆ ಕಾಣದ ಗುಂಡಿಗಳನ್ನು ಕೊರೆಯುತ್ತದೆ. ಸೋಂಕು ನಿವಾರಣೆಗೆ ಡೈರಿಯ ಪಾತ್ರೆಗಳಿಗೆ ಬಳಸುವ ಅಯೊಡೊಫೋರ್ ದ್ರಾವಣವನ್ನು ಲೇಬಲ್ಲಿನಲ್ಲಿ ಹೇಳಿದಷ್ಟೇ ನೀರು ಬೆರೆಸಿ ಉಪಯೋಗಿಸಬಹುದು. ಹಟ್ಟಿಯಲ್ಲಿರುವ, ಹಸುವಿನ ಮೊಲೆ ಅದ್ದುವ ಅಯೋಡಿನ್ ಔಷಧ ಇದಲ್ಲ.

ಎಲ್ಲವನ್ನೂ ಮರಳಿ ಜೋಡಿಸುವಾಗ ಉಂಗುರಗಳಿಗೆ ಆಹಾರ ದರ್ಜೆಯ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ಪೈಪಿನ ತುದಿಯನ್ನು ಕುದಿ ನೀರಿನಲ್ಲಿ ಅರೆ ನಿಮಿಷ ಅದ್ದಿ ಮೆದುವಾದ ಕೂಡಲೇ ಸಿಕ್ಕಿಸಿ ಕ್ಲಿಪ್ ಬಿಗಿಯಬೇಕು.

ಈಗ ಸಿಲಿಂಡರ್. ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಸರಪಣಿಯಿಂದ ಕಟ್ಟಿ. ರೆಗ್ಯುಲೇಟರ್ ಕೂರಿಸುವಾಗ ನಡುವಿನ ವಾಷರ್ ಮರೆಯಬಾರದು. ಹೊಂದಿಸುವ ತಿರುಪನ್ನು ಪೂರ್ತಿ ಸಡಿಲಿಸಿದ ಮೇಲೆಯೇ ಸಿಲಿಂಡರಿನ ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಆಮೇಲೆ ತಿರುಪನ್ನು ಬಿಗಿಯುತ್ತಾ 30 ಪಿಎಸ್‌ಐಗೆ ತನ್ನಿ. ಗಡಿಯಾರದಲ್ಲಿ ಕಿಲೋ ಲೆಕ್ಕವಿದ್ದರೆ ಚದರ ಸೆಂಟಿಮೀಟರಿಗೆ 2.1. ಖಾಲಿ ಕೆಗ್‌ಗೆ ಗ್ಯಾಸ್ ಬಿಟ್ಟು ಮುಚ್ಚಳ, ಪೋಸ್ಟ್, ಪ್ರತಿ ಕ್ಲಿಪ್ಪಿನ ಮೇಲೆ ನೊರೆ ಸವರಿ. ಸಾಬೂನಾದರೂ ಸರಿ, ಅಂಟುವಾಳ ಕಾಯಿಯದಾದರೂ ಸರಿ. ಗುಳ್ಳೆ ಬೆಳೆದಲ್ಲಿ ಸೋರಿಕೆ ಇದೆ. ಬಳಿಕ ಸಿಲಿಂಡರಿನ ವಾಲ್ವ್ ಮುಚ್ಚಿ ಒಂದು ರಾತ್ರಿ ಬಿಟ್ಟುನೋಡಿ. ಬೆಳಿಗ್ಗೆಗೂ ಗಡಿಯಾರದ ಮುಳ್ಳು ಇದ್ದಲ್ಲೇ ಇದ್ದರೆ ಮುಂದುವರಿಯಬಹುದು.

ಸೋರಿಕೆಯ ಬಗ್ಗೆ ಇಷ್ಟು ಒತ್ತಿ ಹೇಳುವುದು ಗ್ಯಾಸಿನ ದುಡ್ಡಿಗಾಗಿ ಮಾತ್ರ ಅಲ್ಲ. ಈ ಅನಿಲ ಗಾಳಿಗಿಂತ ಭಾರ, ವಾಸನೆ ಇಲ್ಲ, ತಗ್ಗಿನಲ್ಲಿ ಮಡುಗಟ್ಟುತ್ತದೆ. 5 ಕಿಲೋ ಸಿಲಿಂಡರ್ ಪೂರ್ತಿ ಸೋರಿದರೆ ಎರಡೂವರೆ ಘನ ಮೀಟರಿಗೂ ಹೆಚ್ಚು ಅನಿಲವಾಗುತ್ತದೆ. ಹತ್ತಡಿ ಉದ್ದಗಲ ಎತ್ತರದ ಉಗ್ರಾಣವೊಂದರ ಗಾಳಿಯಲ್ಲಿ ಅದು ಹತ್ತಿರ ಹತ್ತಿರ ನೂರಕ್ಕೆ ಹತ್ತು ಪಾಲು. ಅಷ್ಟಾದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಆದ್ದರಿಂದ ಸಿಲಿಂಡರ್ ಯಾವಾಗಲೂ ಗಾಳಿಯಾಡುವ ಜಗಲಿಯಲ್ಲಿ ಅಥವಾ ಮಾಡಿನಡಿಯಲ್ಲಿ ಇರಲಿ. ಕಾರಿನಲ್ಲಿ ತರುವಾಗ ಕಿಟಕಿ ಇಳಿಸಿ, ಬಿಸಿಲಿನಲ್ಲಿ ಕಾರು ನಿಲ್ಲಿಸಿ ಹೋಟೆಲಿಗೆ ಹೋಗಬೇಡಿ.

ಕೆಗ್‌ಗೆ ತುಂಬುವುದೇನು?

ಪುನರ್ಪುಳಿ ಶರಬತ್ತನ್ನೇ ಕೆಗ್‌ಗೆ ತುಂಬಿ ಗ್ಯಾಸ್ ಹಿಡಿಸಬೇಕೆಂದು ಎಲ್ಲರಿಗೂ ತೋರುತ್ತದೆ. ನನ್ನ ಸಲಹೆ ಬೇರೆ. ಕೆಗ್‌ಗೆ ಬರೀ ನೀರು ತುಂಬಿ ಸೋಡ ಮಾಡಿ, ಸಿರಪ್ಪು ಲೋಟಕ್ಕೆ ಇರಲಿ. ಆಗ ಒಂದೇ ಕೆಗ್‌ನಿಂದ ಪುನರ್ಪುಳಿ, ನನ್ನಾರಿ, ಶುಂಠಿ–ಲಿಂಬೆ ಮೂರನ್ನೂ ಕೊಡಬಹುದು. ಸಕ್ಕರೆ ಕಾಯಿಲೆಯ ಮಾವನಿಗೆ ಬರೀ ಸೋಡಕ್ಕೆ ಲಿಂಬೆ ಹಿಂಡಿದರಾಯಿತು. ತೊಳೆಯುವ ಕೆಲಸ ಮುಕ್ಕಾಲು ಪಾಲು ಕಡಿಮೆ. ಸಿಹಿ ತುಂಬಿದ ಕೆಗ್ ಸೆಕೆಯಲ್ಲಿ ಎರಡು ಮೂರು ದಿನ ಉಳಿದರೆ ಗಾಳಿಯಿಂದ ಬಂದ ಯೀಸ್ಟ್ ಹುಳಿಯಿಸಲು ಆರಂಭಿಸುತ್ತದೆ, ಒತ್ತಡ ತಾನಾಗಿ ಏರುತ್ತದೆ, ಬೇಡವೆಂದ ಮದ್ಯಾಂಶವೂ ಸೇರುತ್ತದೆ. ಬರೀ ಸೋಡಕ್ಕೆ ಆ ಭಯವಿಲ್ಲ.

ನೀರು ಚೆನ್ನಾಗಿರಬೇಕು, ಗ್ಯಾಸ್ ಸೇರಿದರೆ ನೀರಿನ ದೋಷ ಎದ್ದು ಕಾಣುತ್ತದೆ. ಬಾಯಾರು, ಪಡ್ರೆ ಕಡೆಯ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರು ಇದ್ದವರಿಗೆ ಅದಕ್ಕಿಂತ ಬೇರೆ ಬೇಡ. ಕುದಿಸಿ, ಆರಿಸಿ, ಸೋಸಿ ಬಳಸಿ. ಬಾವಿಗೆ ಕ್ಲೋರಿನ್ ಹಾಕಿದ ವಾರದಲ್ಲಿ ಆ ನೀರು ಬೇಡ. ಕೆಗ್‌ನ ಬಾಯಿಯವರೆಗೆ ತುಂಬಬಾರದು, 17ರಿಂದ 18 ಲೀಟರ್ ಸಾಕು. ಗ್ಯಾಸಿನ ಗಿಡ್ಡ ಕೊಳವೆ ನೀರಿನಲ್ಲಿ ಮುಳುಗಿದರೆ ನೀರು ರೆಗ್ಯುಲೇಟರಿನತ್ತ ಹಿಮ್ಮುಖವಾಗಿ ಹೋಗಬಹುದು. ಗ್ಯಾಸಿನ ಪೈಪಿಗೆ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಬಿಡುವಂಥದ್ದು) ಒಂದು ಹಾಕಿಬಿಟ್ಟರೆ ನಿಶ್ಚಿಂತೆ.

ಸಿರಪ್ಪಿನ ಬಗ್ಗೆ ಅತ್ತೆ–ಅಮ್ಮಂದಿರಿಗೆ ಪಾಠ ಹೇಳುವ ಧೈರ್ಯ ನನಗಿಲ್ಲ. ಎರಡು ವಿಷಯ ಮಾತ್ರ. ಉಪ್ಪು, ಜೀರಿಗೆ ಹಾಕುವುದಿದ್ದರೆ ಸಿರಪ್ಪಿಗೇ ಹಾಕಿ. ಲೋಟದ ಸೋಡದ ಮೇಲೆ ಉಪ್ಪು ಉದುರಿಸಿದರೆ ನೊರೆ ಉಕ್ಕಿ ಬಟ್ಟೆ ಕೆಂಪಾಗುತ್ತದೆ, ಪುನರ್ಪುಳಿಯ ಕಲೆ ಬಿಳಿ ಪಂಚೆಯಿಂದ ಸುಲಭವಾಗಿ ಹೋಗುವುದಿಲ್ಲ. ಮತ್ತೆ, ಸಿರಪ್ಪು ಸಹ ತಣ್ಣಗಿರಲಿ. ಬೆಚ್ಚಗಿನ ಸಿರಪ್ಪಿಗೆ ಸೋಡ ಬಿದ್ದ ಕೂಡಲೇ ಅರ್ಧ ಗ್ಯಾಸ್ ಹಾರಿಹೋಗುತ್ತದೆ.

ಮೊದಲು ತಣಿಸಿ, ಆಮೇಲೆ ಗ್ಯಾಸ್

ಇಡೀ ಕೆಲಸದ ಗುಟ್ಟು ಈ ಅನುಕ್ರಮದಲ್ಲಿದೆ. ತಣ್ಣೀರು ಗ್ಯಾಸನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಚ್ಚಗಿನ ನೀರು ಹಿಡಿಯುವುದಿಲ್ಲ. ಬಿಯರಿನಲ್ಲಿ ಪಾನೀಯದ ಗಾತ್ರದ ಸುಮಾರು ಎರಡೂವರೆ ಪಾಲು ಗ್ಯಾಸ್ ಇದ್ದರೆ ಸಾಕು, ಅದಕ್ಕೆ 4 ಡಿಗ್ರಿಯಲ್ಲಿ 12 ಪಿಎಸ್‌ಐ ಸಾಲುತ್ತದೆ. ಸೋಡ ಚುರುಕೆನಿಸಬೇಕಾದರೆ ನಾಲ್ಕು ಪಾಲು ಬೇಕು: 4 ಡಿಗ್ರಿಯಲ್ಲಿ 30 ಪಿಎಸ್‌ಐ. ಅದೇ 30 ಪಿಎಸ್‌ಐಯನ್ನು 30 ಡಿಗ್ರಿ ನೀರಿಗೆ ಕೊಟ್ಟರೆ ಸಿಗುವುದು ಎರಡೇ ಪಾಲು, ಕುಡಿದವರು ಸಪ್ಪೆ ಎನ್ನುತ್ತಾರೆ. ಸೆಕೆಯಲ್ಲಿಯೇ ನಾಲ್ಕು ಪಾಲು ಹಿಡಿಸಲು ಹೊರಟರೆ 75 ಪಿಎಸ್‌ಐ ಬೇಕಾಗುತ್ತದೆ, ನಲ್ಲಿ ತೆರೆದರೆ ನೊರೆಯಲ್ಲದೆ ಬೇರೇನೂ ಬರುವುದಿಲ್ಲ.

ತಣಿಸಲು ಎರಡು ದಾರಿ. ಹಳೆಯ ಫ್ರಿಜ್ಜಿನ ತಟ್ಟೆಗಳನ್ನು ತೆಗೆದು ಕೆಗ್ ಒಳಗಿಡಬಹುದು. ಮೇಲೆ ಫ್ರೀಜರ್, ಕೆಳಗೆ ಹಿಂಬದಿಯ ದಿಣ್ಣೆ ಅಡ್ಡಬರುತ್ತವೆಯೇ ಎಂದು ಅಳೆದು ನೋಡಿ. ಪೈಪು ಹಾಯಿಸಲು ತೂತು ಕೊರೆಯುವುದಾದರೆ ಬಾಗಿಲಿನಲ್ಲಿ ಮಾತ್ರ ಕೊರೆಯಿರಿ. ಪಕ್ಕದ ಗೋಡೆಗಳೊಳಗೆ ಫ್ರಿಜ್ಜಿನ ಅನಿಲದ ಕೊಳವೆಗಳಿರುತ್ತವೆ, ಹೊಸ ಫ್ರಿಜ್ಜುಗಳಲ್ಲಿ ಆ ಅನಿಲ ಬೆಂಕಿ ಹಿಡಿಯುವಂಥದ್ದು.

ಜಂಬರಕ್ಕೆ ಮಂಜುಗಡ್ಡೆಯೇ ವಾಸಿ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೆಗ್ ನಿಲ್ಲಿಸಿ ಸುತ್ತ ಮಂಜುಗಡ್ಡೆಯ ಚೂರು ಮತ್ತು ನೀರು ತುಂಬಿ. ಬರೀ ಚೂರು ಹಾಕಿದರೆ ನಡುವೆ ಗಾಳಿ ಉಳಿದು ತಣಿಯುವುದು ತಡವಾಗುತ್ತದೆ. 18 ಲೀಟರ್ ನೀರನ್ನು 28 ಡಿಗ್ರಿಯಿಂದ 4ಕ್ಕೆ ಇಳಿಸಲು ಲೆಕ್ಕದ ಪ್ರಕಾರ ಐದೂವರೆ ಕಿಲೋ ಮಂಜುಗಡ್ಡೆ ಕರಗಬೇಕು. ಡ್ರಮ್ಮಿನ ನೀರು, ಸ್ಟೀಲು, ನಮ್ಮ ಸೆಕೆ ಎಲ್ಲ ಸೇರಿಸಿ ಕೆಗ್ ಒಂದಕ್ಕೆ 15 ಕಿಲೋ ಹಿಡಿಯಿರಿ. ಡ್ರಮ್ಮಿಗೆ ಗೋಣಿ ಸುತ್ತಿದರೆ ಇನ್ನೂ ಒಳ್ಳೆಯದು. ಕಡಲ ಬದಿಯಲ್ಲಿ ಮೀನಿಗೆ ಹಾಕುವ ಮಂಜುಗಡ್ಡೆ ಅಗ್ಗವಾಗಿ ಸಿಗುತ್ತದೆ. ಮುಚ್ಚಿದ ಕೆಗ್‌ನ ಹೊರಗಿರುವುದರಿಂದ ಪಾನೀಯಕ್ಕೆ ಅದು ಸೋಕುವುದಿಲ್ಲ ಎಂಬುದು ನಿಜ. ಆದರೆ ಉಪನಯನದ ಚಪ್ಪರಕ್ಕೆ ಅದನ್ನು ತಂದು ಈ ವಾದ ಮಂಡಿಸಿ ಗೆದ್ದವರನ್ನು ನಾನು ಕಂಡಿಲ್ಲ. ಅಲ್ಲದೆ ಆ ನೀರಿನ ಕೈ ನಲ್ಲಿಗೂ ಲೋಟಕ್ಕೂ ತಾಗಿಯೇ ತಾಗುತ್ತದೆ. ಕುಡಿಯುವ ನೀರಿನದ್ದನ್ನೇ ತರಿಸಿ.

ನೀರು ತಣಿದ ಮೇಲೆ ಗ್ಯಾಸ್ ಜೋಡಿಸಿ, 30ಕ್ಕೆ ಇಟ್ಟು, ರಿಲೀಫ್ ವಾಲ್ವನ್ನು ಮೂರು ನಾಲ್ಕು ಸಲ ಎಳೆದು ಬಿಡಿ. ಒಳಗಿನ ಗಾಳಿ ಹೊರಹೋಗಬೇಕು. ಅದು ಉಳಿದಷ್ಟು ಸೋಡದ ಚುರುಕು ಕಡಿಮೆ. ಸಮಯವಿದ್ದರೆ ಫ್ರಿಜ್ಜಿನಲ್ಲಿ ಹಾಗೆಯೇ ಐದಾರು ದಿನ ಬಿಟ್ಟರೆ ತಾನಾಗಿ ಹದಕ್ಕೆ ಬರುತ್ತದೆ. ಹಿಂದಿನ ದಿನವೇ ಆಗಬೇಕೆಂದರೆ ಗ್ಯಾಸ್ ಜೋಡಿಸಿದ ಹಾಗೆಯೇ ಕೆಗ್ ಅಲುಗಾಡಿಸಬೇಕು. ಚಾಪೆಯ ಮೇಲೆ ಕುಳಿತು ಕೆಗ್ಗನ್ನು ತುಸು ಓರೆ ಮಾಡಿ ಹಿಂದೆ ಮುಂದೆ ತೂಗಿ. ರೆಗ್ಯುಲೇಟರಿನಿಂದ ಗ್ಯಾಸ್ ಹರಿಯುವ ಸುಯ್ಯೆನ್ನುವ ಸದ್ದು ಕೇಳಿಸುತ್ತದೆ, ತೂಗುತ್ತಾ ಹೋದಂತೆ ಅದು ಕ್ಷೀಣಿಸಿ ನಿಲ್ಲುತ್ತದೆ. ನಿಂತಿತೆಂದರೆ ನೀರು ಹಿಡಿಯುವಷ್ಟನ್ನು ಹಿಡಿದಿದೆ. ಮತ್ತೆ ಕನಿಷ್ಠ ಒಂದೆರಡು ಗಂಟೆ ತಂಪಿನಲ್ಲಿ ಅಲುಗಿಸದೆ ಬಿಡಿ.

ಬಡಿಸುವಾಗ

ಸೋಡವನ್ನು 30 ಪಿಎಸ್‌ಐ ಒತ್ತಡದಲ್ಲೇ ಬಡಿಸಬೇಕು. ಕಡಿಮೆ ಮಾಡಿದರೆ ಒಳಗಿನ ಗ್ಯಾಸ್ ನೀರಿನಿಂದ ಬಿಡಿಸಿಕೊಳ್ಳಲು ಹೊರಡುತ್ತದೆ. ಅಷ್ಟು ಒತ್ತಡದಲ್ಲಿ ಗಿಡ್ಡ ಪೈಪಿನಿಂದ ಬಂದ ಸೋಡ ಲೋಟಕ್ಕೆ ಅಪ್ಪಳಿಸಿ ನೊರೆಯಾಗುತ್ತದೆ. ಅದಕ್ಕಾಗಿಯೇ ಸಣ್ಣ ವ್ಯಾಸದ 6ರಿಂದ 8 ಮೀಟರ್ ಪೈಪು: ಹರಿಯುತ್ತಾ ಬಂದಂತೆ ಒತ್ತಡ ಪೈಪಿನ ಗೋಡೆಗೆ ಉಜ್ಜಿ ಕರಗಿ, ನಲ್ಲಿಯಲ್ಲಿ ಸೋಡ ಶಾಂತವಾಗಿ ಬೀಳುತ್ತದೆ. ಬಿಯರಿನವರಿಗೆ ಇದರ ಅರ್ಧ ಸಾಕಾಗುವುದರಿಂದ, ಅವರಿಗಾಗಿ ಮಾರುವ ಸಿದ್ಧ ಕಿಟ್‌ನಲ್ಲಿ ಬರುವ ಪೈಪು ನಮಗೆ ಸಾಲದು. ಪೈಪಿನ ಸುರುಳಿಯನ್ನು ಕೆಗ್‌ನ ಜೊತೆಗೆ ಮಂಜುನೀರಿನಲ್ಲೇ ಮುಳುಗಿಸಿಡಿ, ನಲ್ಲಿಯ ಹತ್ತಿರದ ಒಂದಡಿ ಮಾತ್ರ ಹೊರಗಿದ್ದರೆ ಸಾಕು. ಬಿಸಿಲಿಗೆ ಬಿದ್ದ ಪೈಪಿನೊಳಗೆ ಸೋಡ ಅಲ್ಲಿಯೇ ನೊರೆಯಾಗುತ್ತದೆ. ಚಪ್ಪರಗಳಲ್ಲಿ ಬರುವ ದೂರುಗಳಲ್ಲಿ ಹೆಚ್ಚಿನವು ಇದರಿಂದಲೇ.

ಸುಧರಿಕೆಯ (ಬಡಿಸುವ) ಹುಡುಗರಿಗೆ ಮೊದಲೇ ಹೇಳಿಕೊಡಬೇಕಾದ್ದು: ನಲ್ಲಿಯನ್ನು ಅರ್ಧ ತೆರೆಯಬಾರದು, ಪೂರ್ತಿ ತೆರೆಯಬೇಕು. ಲೋಟಕ್ಕೆ ಮೊದಲು ಸಿರಪ್ಪು, ಆಮೇಲೆ ಲೋಟ ಓರೆ ಮಾಡಿ ಅಂಚಿನಿಂದ ಇಳಿಯುವಂತೆ ಸೋಡ. ಬಹಳ ಹೊತ್ತು ನಿಂತ ಮೇಲಿನ ಮೊದಲ ಲೋಟ ನೊರೆಯೇ, ಅದನ್ನು ಚೆಲ್ಲಿ. ಲೋಟಕ್ಕೆ 150 ಮಿಲಿಲೀಟರ್ ಸೋಡ ಎಂದರೆ ಒಂದು ಕೆಗ್‌ಗೆ ಸುಮಾರು 115 ಲೋಟ. 500 ಜನರ ಜಂಬರದಲ್ಲಿ ಎಲ್ಲರೂ ಸೋಡ ಕೇಳುವುದಿಲ್ಲ, ಕೇಳಿದವರಲ್ಲಿ ಕೆಲವರು ಮೂರು ಸಲ ಕೇಳುತ್ತಾರೆ. ನಾಲ್ಕು ಕೆಗ್ ಇಟ್ಟುಕೊಂಡರೆ ಮರ್ಯಾದೆಗೆ ಕುಂದಿಲ್ಲ. ಒಂದು ಸಿಲಿಂಡರಿನಿಂದ ಒಂದಾದ ಮೇಲೊಂದರಂತೆ ಬದಲಾಯಿಸುತ್ತಾ ಹೋಗಬಹುದು.

ಗ್ಯಾಸಿನ ಖರ್ಚು ಕೆಗ್‌ಗೆ ಕಾಲು ಕಿಲೋದ ಆಸುಪಾಸು. ನೀರಿನಲ್ಲಿ ಕರಗುವುದು ಸುಮಾರು 140 ಗ್ರಾಂ, ಉಳಿದದ್ದು ಪಾನೀಯವನ್ನು ಹೊರದಬ್ಬಲು. ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ರೆಗ್ಯುಲೇಟರಿನ ದೊಡ್ಡ ಗಡಿಯಾರ ಹೇಳುವುದಿಲ್ಲ. ಒಳಗೆ ದ್ರವ ಇರುವವರೆಗೂ ಮುಳ್ಳು ಅಲ್ಲೇ ನಿಂತಿರುತ್ತದೆ, ಮುಗಿದಾಗ ಒಮ್ಮೆಲೇ ಬೀಳುತ್ತದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ಸಿಲಿಂಡರನ್ನೇ ತೂಗಿ, ಅದರ ಮೈಮೇಲೆ ಕೆತ್ತಿರುವ ಖಾಲಿ ತೂಕವನ್ನು ಕಳೆಯಿರಿ. ಅಲ್ಲಿಯೇ ಒತ್ತಡ ಪರೀಕ್ಷೆಯ ದಿನಾಂಕವೂ ಕೆತ್ತಿರುತ್ತದೆ. ಐದು ವರ್ಷ ದಾಟಿದ್ದರೆ ಪರೀಕ್ಷೆ ಮಾಡಿಸದೆ ತುಂಬಿಸಬೇಡಿ.

ಜಂಬರ ಮುಗಿದ ಸಂಜೆ ಎಲ್ಲರೂ ಸುಸ್ತಾಗಿರುತ್ತಾರೆ, ಆದರೂ ಸಿಲಿಂಡರಿನ ವಾಲ್ವನ್ನು ಅಂದೇ ಮುಚ್ಚಬೇಕು. ಬರೀ ಸೋಡ ತುಂಬಿದ್ದ ಕೆಗ್‌ಗೆ ಬಿಸಿ ನೀರಿನಲ್ಲಿ ಒಮ್ಮೆ ತೊಳೆತ ಸಾಕು. ಸಿಹಿ ತುಂಬಿಸಿದ್ದರೆ ಪೋಸ್ಟ್ ಬಿಚ್ಚಿ ಪೂರ್ತಿ ತೊಳೆತ, ಪಾನೀಯದ ಪೈಪಿಗೂ ಅದೇ. ಶುಂಠಿಯ ವಾಸನೆ ಹಿಡಿದ ಪೈಪನ್ನು ಶುಂಠಿಗೇ ಮೀಸಲಿಡಿ. ಒಣಗಿದ ಕೆಗ್‌ಗೆ ಮುಚ್ಚಳ ಹಾಕಿ 10 ಪಿಎಸ್‌ಐ ಗ್ಯಾಸ್ ತುಂಬಿ ಅಟ್ಟಕ್ಕೆ ಏರಿಸಿ. ಮುಂದಿನ ಬೇಸಗೆಯಲ್ಲಿ ಇಳಿಸಿ ರಿಲೀಫ್ ವಾಲ್ವ್ ಎಳೆದಾಗ ಉಸ್ಸೆಂದರೆ ಉಂಗುರಗಳು ಸರಿಯಾಗಿವೆ, ಸದ್ದೇ ಬರದಿದ್ದರೆ ಐದು ಹೊಸ ಉಂಗುರಗಳನ್ನು ತರಿಸಬೇಕು.